ಬೂಟು ಹರಿದಿದೆ ಸಾರ್

ನಮ್ಮದು ಚಿಕ್ಕ ಕಾರು. ವಯಸ್ಸು ಹದಿನೈದು. ಒಂದು ಲಕ್ಷದ ಹತ್ತು ಸಾವಿರ ಕಿಲೋಮೀಟರ್ ಓಡಿದೆ. ಅದರಲ್ಲಿ ಅರ್ಧ ಮುಂದಕ್ಕೆ ಓಡಿದ್ದು, ಇನ್ನರ್ಧ ಬೆಂಗಳೂರಿನ ಹಂಪು, ಗುಂಡಿಗಳಲ್ಲಿ ಮೇಲಕ್ಕೂ ಕೆಳಕ್ಕೂ ಓಡಿದ್ದು ಅಂತ ನನ್ನ ಲೆಕ್ಕ.

ಕಳೆದ ಮಳೆಗಾಲದಲ್ಲಿ ಬಲಗಡೆ ಮುಂದಿನ ಚಕ್ರದ ಹತ್ತಿರ 'ಟಕ್' ಅಂತ ಒಂದು ಸದ್ದು ಶುರುವಾಯಿತು. ನಯವಾದ ರಸ್ತೆಯಲ್ಲಿ ಇಲ್ಲ, ಹಂಪು ಹತ್ತಿಳಿದರೆ ಮಾತ್ರ. ನಿಯಮದ ಪ್ರಕಾರ ಹಂಪು ಅಂದರೆ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ, ಚಕ್ರ ಮೆಲ್ಲಗೆ ಹತ್ತಿ ಮೆಲ್ಲಗೆ ಇಳಿಯಬೇಕು. ನಮ್ಮ ಬೀದಿಯಲ್ಲಿ ಮನೆಗೆ ಮುಂಚೆ ಮೂರು ಹಂಪುಗಳಿವೆ. ಮೂರೂ ರಸ್ತೆಗೆ ಅಡ್ಡ ಮಲಗಿದ ಎಮ್ಮೆಗಳ ಹಾಗಿವೆ. ದಿನಾ ಸಂಜೆ ಟಕ್, ಟಕ್, ಟಕ್. ಆಮೇಲೆ ಗೇಟು.

ಇದಕ್ಕೆ ನಾನು ಮಾಡಿದ ಮೊದಲ ರಿಪೇರಿ ಎಂದರೆ ರೇಡಿಯೋ ಸೌಂಡು ಜಾಸ್ತಿ ಮಾಡಿದ್ದು. ದಸರಾ ಹೊತ್ತಿಗೆ ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವರು ನನ್ನ ಕಾರಿನ ಹಾಡಿಗೆ ತಲೆಯಾಡಿಸುವ ಮಟ್ಟಕ್ಕೆ ಬಂತು. ಆದರೂ ಆ ದಿನಗಳಲ್ಲಿ ಮನಸ್ಸಿಗೊಂದು ಸಮಾಧಾನವಿತ್ತು. ಎಸ್ಸೆಸ್ಸೆಲ್ಸಿ ಓದುವ ಮಗ, ನಾನು ಯಾವ ಹೊತ್ತಿಗೆ ಬಂದರೂ ಗಣಿತದ ಪುಸ್ತಕದಲ್ಲಿ ಮುಳುಗಿರುತ್ತಿದ್ದ. ಕಾಫಿಯೂ ಕೈಗೆ ಬಿಸಿಬಿಸಿಯಾಗಿ ಬರುತ್ತಿತ್ತು. ಇಂಥ ಮನೆಯಿರುವವನು ಒಂದು ಟಕ್‌ಗೆ ಯಾಕೆ ತಲೆ ಕೆಡಿಸಿಕೊಳ್ಳಬೇಕು?

ತಲೆ ಕೆಡಿಸಿದ್ದು ಒಂದು ಲಗ್ನಪತ್ರಿಕೆ. ಹೆಂಡತಿಯ ತವರು ತೀರ್ಥಹಳ್ಳಿ. ಅವಳ ದೊಡ್ಡಪ್ಪನ ಮೊಮ್ಮಗಳ ಮದುವೆ ಉಡುಪಿಯಲ್ಲಿ. ಎಲ್ಲರೂ ತೀರ್ಥಹಳ್ಳಿಯಲ್ಲಿ ಸೇರಿ, ಅಲ್ಲಿಂದ ಆಗುಂಬೆ ಘಾಟಿ ಇಳಿದು ಹೋಗುವುದು ಅಂತ ತೀರ್ಮಾನ. ಹದಿನಾಲ್ಕು ಹೇರ್‌ಪಿನ್ ತಿರುವು. ಪಕ್ಕದಲ್ಲಿ ಪ್ರಪಾತ. ಹಿಂದಿನ ಸೀಟಿನಲ್ಲಿ ಅತ್ತೆ. ಮೆಕ್ಯಾನಿಕ್ ಹತ್ತಿರ ಹೋದೆ.

ಅಲ್ಲಿ ಕಾರು ಬಾಯಿ ಮುಚ್ಚಿಕೊಂಡಿತು. ಗ್ಯಾರೇಜಿನ ಸುತ್ತ ಮೂರು ರೌಂಡು ಹೊಡೆದರೂ ಸದ್ದಿಲ್ಲ. ಹೆಡ್ಮಾಸ್ಟರ್ ಮುಂದೆ ನಿಂತ ತುಂಟ ಹುಡುಗನ ಹಾಗೆ ಸಾಚಾತನ. ಮೆಕ್ಯಾನಿಕ್ ಅದನ್ನೆಲ್ಲ ನಂಬಲಿಲ್ಲ. ಜ್ಯಾಕಿ ಕೊಟ್ಟು ಚಕ್ರ ಎತ್ತಿದ. ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದ. ಟಕ್! "ಬ್ರೇಕ್ ಒತ್ತಿ ಹಿಡ್ಕೊಳ್ಳಿ ಸಾರ್" ಅಂದ. ಒತ್ತಿದೆ. ಮತ್ತೆ ಟಕ್! "ಬೇರಿಂಗ್ ಆಗಿದ್ರೆ ಬ್ರೇಕ್ ಒತ್ತಿದಾಗ ಈ ಅಲ್ಲಾಟ ನಿಲ್ಲಬೇಕಿತ್ತು. ಇದು ಬಾಲ್ ಜಾಯಿಂಟು" ಅಂದು ಟಾರ್ಚ್ ಬಿಟ್ಟು ಬಗ್ಗಿ ನೋಡಿದ.

"ಬೂಟು ಹರಿದಿದೆ ಸಾರ್."

ನಾನು ಕಾಲೆತ್ತಿ ನೋಡಿಕೊಂಡೆ. ಹೊಸದು, ಹೋದ ತಿಂಗಳು ತಾನೇ ತಗೊಂಡಿದ್ದು.

"ನಿಮ್ದಲ್ಲ ಸಾರ್. ಅದರದ್ದು."

ನಮ್ಮ ಸೊಂಟದ ಕೀಲಿನ ಹಾಗೆ ಬಟ್ಟಲಿನೊಳಗೆ ಒಂದು ಉಕ್ಕಿನ ಗುಂಡು. ಅದೇ ಬಾಲ್ ಜಾಯಿಂಟು. ಬಟ್ಟಲು ಲೋವರ್ ಆರ್ಮ್ ಎಂಬ ಕಬ್ಬಿಣದ ತೋಳಿನ ತುದಿಯಲ್ಲಿರುತ್ತದೆ. ಗುಂಡಿನಿಂದ ಹೊರಟ ಕಡ್ಡಿ ಚಕ್ರ ಹೊತ್ತ ನಕಲ್ ಎಂಬ ಭಾಗಕ್ಕೆ ಸೇರುತ್ತದೆ. ಚಕ್ರ ಮೇಲೆ ಕೆಳಗೆ ಆಡಬೇಕು, ಸ್ಟೀರಿಂಗ್ ತಿರುಗಿಸಿದರೆ ಅತ್ತಿತ್ತ ಹೊರಳಲೂಬೇಕು. ಎರಡನ್ನೂ ಈ ನಿಂಬೆಹಣ್ಣಿಗಿಂತ ಚಿಕ್ಕ ಗುಂಡು ನಿಭಾಯಿಸುತ್ತದೆ. ಒಳಗೆ ಗ್ರೀಸು, ಅದು ಹೊರಗೆ ಬಾರದ ಹಾಗೆ ಮೇಲೊಂದು ರಬ್ಬರ್ ಟೋಪಿ. ಟೋಪಿಯಂತೆಯೇ ಇರುವ ಅದಕ್ಕೆ ಬೂಟು ಅಂತ ಯಾಕೆ ಕರೆಯುತ್ತಾರೋ! ಅದು ಹರಿದರೆ ಮಳೆನೀರು, ಕೆಸರು, ಮರಳು ಒಳಗೆ ಹೋಗಿ ಗ್ರೀಸು ತೊಳೆದುಹೋಗುತ್ತದೆ. ಆಮೇಲೆ ಮರಳೇ ಅರೆಯುವ ಕಲ್ಲು. ಗುಂಡು ಸವೆದು ಬಟ್ಟಲು ಸಡಿಲವಾಗುತ್ತದೆ. ಆ ಸಡಿಲಿನ ಸದ್ದೇ ಟಕ್.

"ಹಾಗೇ ಓಡಿಸಿದ್ರೆ?" ಎಂದು ಕೇಳಿದೆ.

"ಓಡುತ್ತೆ. ಒಂದಿನ ಗುಂಡು ಬಟ್ಟಲಿಂದ ಕಿತ್ಕೊಂಡು ಬರುತ್ತೆ. ಚಕ್ರ ಮಡಚ್ಕೊಂಡು ಕಾರು ಆ ಕಡೆ ಕುಕ್ಕರುಬಡಿಯುತ್ತೆ. ನಿಧಾನವಾಗಿ ಹೋಗ್ತಿದ್ರೆ ಪುಣ್ಯ."

ಆಗುಂಬೆಯ ಹದಿನಾಲ್ಕೂ ತಿರುವು ಕಣ್ಣ ಮುಂದೆ ಬಂದವು. ಹಿಂದಿನ ಸೀಟಿನ ಅತ್ತೆಯೂ ಬಂದರು.

ಇಲ್ಲಿಗೆ ಸುಮ್ಮನೆ ಕೀಲಿಕೈ ಅವನ ಕೈಗೆ ಕೊಟ್ಟು ಬಸ್ಸು ಹತ್ತಬೇಕಿತ್ತು. ಆದರೆ ಅಂದು ರಾತ್ರಿ ಮೊಬೈಲಿನಲ್ಲಿ ನಾಲ್ಕು ವಿಡಿಯೋ ನೋಡಿದೆ. ನಾಲ್ಕರಲ್ಲೂ ಹನ್ನೆರಡು ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು. ನಾನೇ ಮಾಡುತ್ತೇನೆ ಎಂದಾಗ ಮೆಕ್ಯಾನಿಕ್ ನಗಲಿಲ್ಲ. ಎರಡು ಕಬ್ಬಿಣದ ಸ್ಟ್ಯಾಂಡ್ ಕೊಟ್ಟ. "ಬರೀ ಜ್ಯಾಕಿ ನಂಬಿ ಕೆಳಗೆ ತಲೆ ಹಾಕ್ಬೇಡಿ. ಭಾನುವಾರ ಐದು ಗಂಟೆವರೆಗೂ ನಾನು ಇಲ್ಲೇ ಇರ್ತೀನಿ" ಅಂದ. ಆ ಎರಡನೇ ಮಾತಿನ ಅರ್ಥ ಭಾನುವಾರ ನಾಲ್ಕೂವರೆಗೆ ಆಯಿತು.

ಶನಿವಾರ ಕಾರಿನ ಬಿಡಿಭಾಗ ಸಿಗುವ ಜೆ.ಸಿ. ರೋಡಿಗೆ ಹೋದೆ. ನನ್ನ ಕಾರಿಗೆ ಗುಂಡು ಒಂದೇ ಬೇರೆಯಾಗಿ ಬರುವುದಿಲ್ಲವಂತೆ, ತೋಳಿನ ಸಮೇತವೇ ತಗೊಳ್ಳಬೇಕಂತೆ. ಅಂಗಡಿಯವರು ಕೇಳಿದ್ದು ಒಂದೇ ಪ್ರಶ್ನೆ: "ಲೆಫ್ಟಾ, ರೈಟಾ?" ಬಾನೆಟ್ ಮುಂದೆ ನಿಂತು ಕಾರು ನೋಡಿದ್ದನ್ನು ಜ್ಞಾಪಿಸಿಕೊಂಡೆ. ಹಾಳಾದ ಚಕ್ರ ನನ್ನ ಎಡಗೈ ಕಡೆಗಿತ್ತು. "ಲೆಫ್ಟು" ಅಂದೆ, ಬಹಳ ಧೈರ್ಯವಾಗಿ.

ಭಾನುವಾರ ಬೆಳಗ್ಗೆ ಹತ್ತಕ್ಕೆ ಶುರು. ಚಕ್ರ ಬಿಚ್ಚಿದೆ, ಸ್ಟ್ಯಾಂಡ್ ಇಟ್ಟೆ. ಆರ್ಮಿನ ಒಳತುದಿಯಲ್ಲಿರುವ ಬುಷ್ ಎಂಬ ರಬ್ಬರ್ ಬಳೆಯ ಬೋಲ್ಟು ತುಕ್ಕು ಹಿಡಿದಿತ್ತು. ಮನೆಯಲ್ಲಿದ್ದ ಕೊಬ್ಬರಿ ಎಣ್ಣೆ ಸುರಿದೆ. ಎದುರುಮನೆ ಅಂಕಲ್ ಬಂದು, "ಏನು, ಕಾರಿಗೆ ಅಭ್ಯಂಜನವಾ?" ಅಂತ ಕೇಳಿ, ಹೋಗದೆ ಕುರ್ಚಿ ತರಿಸಿಕೊಂಡು ಕೂತರು. ಎಲ್ಲ ಸಡಿಲಿಸಿ ಆರ್ಮನ್ನು ಕೆಳಕ್ಕೆ ಎಳೆದೆ. ಅಲ್ಲಾಡಲಿಲ್ಲ. ಸುತ್ತಿಗೆಯಲ್ಲಿ ಹೊಡೆದೆ. ಅಂಕಲ್, "ಆ ಕಡೆಯಿಂದ ಹೊಡೀರಿ" ಅಂದರು. ಹೊಡೆದೆ. "ಅಲ್ಲ, ಈ ಕಡೆಯಿಂದ." ಹೊಡೆದೆ. ಒಂದೂವರೆ ಗಂಟೆ ಹೊಡೆದ ಮೇಲೆ ಅಂಕಲ್‌ಗೆ ಸುಸ್ತಾಗಿ ಊಟಕ್ಕೆ ಹೋದರು.

ನಾಲ್ಕೂವರೆಗೆ ಫೋನ್ ಮಾಡಿದೆ. ಮೆಕ್ಯಾನಿಕ್ ಬಂದು ಬಗ್ಗಿ ನೋಡಿ, ನಕಲ್‌ನ ಪಕ್ಕದ ಬೋಲ್ಟನ್ನು ಬೆರಳಿನಿಂದ ತೋರಿಸಿದ. "ಇದನ್ನ ಲೂಸ್ ಮಾಡಿದೀರ ಅಷ್ಟೆ. ಪೂರ್ತಿ ಹೊರಗೆ ತೆಗೀಬೇಕು. ಗುಂಡಿನ ಕಡ್ಡೀಲಿ ಒಂದು ಕಚ್ಚು ಇರುತ್ತೆ, ಬೋಲ್ಟು ಅದರೊಳಗೇ ಕೂತಿರುತ್ತೆ. ಅದಿರೋವರೆಗೂ ಆನೆ ಎಳೆದ್ರೂ ಬರಲ್ಲ." ಬೋಲ್ಟು ತೆಗೆದು, ರಾಡು ಇಟ್ಟು ಒಂದೇ ಸಲ ಒತ್ತಿದ. ಪಟ್ ಅಂತ ಕೆಳಗೆ ಬಂತು. ಹಳೆಯ ಗುಂಡು ಬಟ್ಟಲಿನಲ್ಲಿ ತೇರಿನ ಗಂಟೆಯ ನಾಲಗೆಯಂತೆ ಓಲಾಡುತ್ತಿತ್ತು. ಇಷ್ಟು ದಿನ ಇದರ ಮೇಲೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಓಡಾಡಿದೆನಲ್ಲ ಅಂತ ಬೆನ್ನು ತಣ್ಣಗಾಯಿತು.

ಹೊಸದನ್ನು ಕೈಗೆ ಕೊಟ್ಟೆ. ಹಳೆಯದರ ಪಕ್ಕ ಹಿಡಿದ. ಒಂದು ಹೀಗೆ ಬಾಗಿದೆ, ಇನ್ನೊಂದು ಹಾಗೆ.

"ಸಾರ್, ಇದು ಕ್ಲೀನರ್ ಸೈಡು."

ಡ್ರೈವರ್ ಕೂರುವ ಕಡೆ ಡ್ರೈವರ್ ಸೈಡು, ಇನ್ನೊಂದು ಕ್ಲೀನರ್ ಸೈಡು. ಲಾರಿಯವರ ಮಾತು. ಯಾರು ಎಲ್ಲಿ ನಿಂತು ನೋಡಿದರೂ ತಪ್ಪಾಗುವುದಿಲ್ಲ. ನಮ್ಮ ಕಾರಿನಲ್ಲಿ ಕ್ಲೀನರ್ ಸೈಡಿನಲ್ಲಿ ಹೆಂಡತಿ ಕೂರುತ್ತಾಳೆ. ಹಾಗಾಗಿ ಈ ಪದವನ್ನು ಮನೆಯೊಳಗೆ ಬಳಸಿಲ್ಲ.

ಭಾನುವಾರ, ಅಂಗಡಿ ಬಾಗಿಲು ಹಾಕಿತ್ತು. ರಾತ್ರಿಯೆಲ್ಲ ಕಾರು ಒಂದು ಕಾಲು ಕಳಚಿಕೊಂಡು ಸ್ಟ್ಯಾಂಡ್ ಮೇಲೆ ನಿಂತಿತು. ಬೀದಿನಾಯಿ ಬಂದು ಕೊಬ್ಬರಿ ಎಣ್ಣೆ ನೆಕ್ಕಿತು. ಸೋಮವಾರ ನಾನು ರಜೆ ಹಾಕಿದೆ. ಮೆಕ್ಯಾನಿಕ್ ತಾನೇ ಬಲಗಡೆಯ ಆರ್ಮು ತಂದು ಹಾಕಿದ. ನಾನು ತಂದಿದ್ದೂ ದಂಡವಾಗಲಿಲ್ಲ, ಎಡಗಡೆಯ ಬೂಟೂ ಬಿರುಕು ಬಿಟ್ಟಿತ್ತು. ಬುಷ್ ಬೋಲ್ಟುಗಳನ್ನು ಕಾರು ನೆಲಕ್ಕಿಳಿಸಿ, ಭಾರ ಬಿಟ್ಟ ಮೇಲೆಯೇ ಪೂರ್ತಿ ಬಿಗಿಮಾಡಿದ. ಗಾಳಿಯಲ್ಲಿ ನೇತಾಡುವಾಗ ಬಿಗಿದರೆ ರಬ್ಬರು ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದಂತೆ. ಇದು ನಾಲ್ಕು ವಿಡಿಯೋಗಳಲ್ಲಿ ಒಂದರಲ್ಲೂ ಇರಲಿಲ್ಲ. ಅಥವಾ ನಾನು ಆಗ ಆಕಳಿಸುತ್ತಿದ್ದೆನೋ ಏನೋ. ಆಮೇಲೆ ವೀಲ್ ಅಲೈನ್‌ಮೆಂಟು. ಕೂಲಿ ಉಳಿಸಲು ಹೊರಟವನಿಗೆ ಒಂದು ದಿನದ ರಜೆ, ಒಂದು ಬಾಟಲಿ ಕೊಬ್ಬರಿ ಎಣ್ಣೆ, ಹೆಬ್ಬೆರಳಿನ ಒಂದು ಉಗುರು ಖರ್ಚಾಯಿತು.

ಮಂಗಳವಾರ ಸಂಜೆ ರೇಡಿಯೋ ಆಫ್ ಮಾಡಿ ಬಂದೆ. ಮೊದಲ ಹಂಪು, ಸದ್ದಿಲ್ಲ. ಎರಡನೆಯದು, ಇಲ್ಲ. ಮೂರನೆಯದರ ಮೇಲೆ ಬೇಕಂತಲೇ ಸ್ವಲ್ಪ ಜೋರಾಗಿ ಹತ್ತಿಸಿದೆ. ಇಲ್ಲ. ಖುಷಿಯಿಂದ ಕಾರು ನಿಲ್ಲಿಸಿ ಬಾಗಿಲು ತಳ್ಳಿದೆ.

ಟೀವಿಯಲ್ಲಿ ಕ್ರಿಕೆಟ್. ಮಗ ಸೋಫಾದ ಮೇಲೆ ಉದ್ದಕ್ಕೆ ಮಲಗಿದ್ದ. ಎದೆಯ ಮೇಲೆ ಗಣಿತದ ಪುಸ್ತಕ, ಪುಸ್ತಕದ ಮೇಲೆ ಮಿಕ್ಸ್ಚರ್ ತಟ್ಟೆ. ನನ್ನನ್ನು ಕಂಡು ದಡಬಡಿಸಿ ಎದ್ದ. ಮಿಕ್ಸ್ಚರೆಲ್ಲ ನೆಲದ ಪಾಲಾಯಿತು.

"ಅಪ್ಪ, ನೀನು... ಸದ್ದೇ ಬರಲಿಲ್ವಲ್ಲ!"

ಅಡುಗೆಮನೆಯಿಂದ ಹೆಂಡತಿ ಇಣುಕಿದಳು. "ಏನ್ರೀ ಇದು, ಹೇಳದೆ ಕೇಳದೆ ಬಂದ್ಬಿಟ್ರಿ? ಮೂರು ಟಕ್ ಕೇಳಿದ ಮೇಲೆ ತಾನೇ ನಾನು ಕಾಫಿಗೆ ಹಾಲಿಡೋದು. ಕೂತ್ಕೊಳ್ಳಿ, ಲೇಟಾಗುತ್ತೆ."