ಸರ್ವರ್ ಕೊಳ್ಳುವ ಮೊದಲು ಲೈನು ನಡೆದು ನೋಡಿ

ನಮ್ಮ ಮನೆಗೆ ಅಬ್ಬಿ ನೀರು. ತೋಟದ ಮೇಲಿನ ಗುಡ್ಡದ ಒರತೆಯಿಂದ ಸುಮಾರು ಒಂದು ಕಿಲೋಮೀಟರ್ ಪೈಪಿನಲ್ಲಿ, ಪಂಪಿನ ಹಂಗಿಲ್ಲದೆ ತಾನಾಗಿ ಇಳಿದು ಬರುತ್ತದೆ. ನೀರು ಸಣ್ಣದಾದ ದಿನ ಅಪ್ಪ ದೊಡ್ಡ ಟ್ಯಾಂಕ್ ತರುವ ಮಾತಾಡುವುದಿಲ್ಲ. ಕತ್ತಿ ಹಿಡಿದು ಲೈನಿನ ಉದ್ದಕ್ಕೂ ನಡೆಯುತ್ತಾರೆ. ಒಂದೊಂದೇ ಜಾಯಿಂಟ್ ಬಿಚ್ಚಿ, ಇಲ್ಲಿಯವರೆಗೆ ನೀರು ಸರಿಯಾಗಿ ಬರುತ್ತಿದೆ ಎಂದು ಖಚಿತಪಡಿಸಿಕೊಂಡು ಮುಂದಿನದಕ್ಕೆ ಹೋಗುತ್ತಾರೆ. ಯಾವುದೋ ಎರಡು ಜಾಯಿಂಟ್‌ಗಳ ನಡುವೆ ಕಸವೋ ಬೇರೋ ಸಿಕ್ಕೇ ಸಿಗುತ್ತದೆ.

ನಾನು ಡೇಟಾಬೇಸ್, ಅಂದರೆ ಮಾಹಿತಿಯನ್ನು ಕೋಷ್ಟಕಗಳಲ್ಲಿ ಜೋಡಿಸಿಡುವ ವ್ಯವಸ್ಥೆಯ, ಕೆಲಸದಲ್ಲಿ ಹದಿನಾಲ್ಕು ವರ್ಷ ಕಳೆದಿದ್ದೇನೆ. ಈಗ ತೀರ್ಥಹಳ್ಳಿಯ ಹತ್ತಿರದ ಮನೆಯಿಂದಲೇ ದುಡಿಯುತ್ತೇನೆ. ಅಪ್ಪ ಲೈನು ನಡೆಯುವ ಹಾಗೆ ಸಾಫ್ಟ್‌ವೇರಿನ ಲೈನು ನಡೆದು ನೋಡುವವರು ನಮ್ಮ ಕಡೆ ಬಹಳ ಕಡಿಮೆ. ಕಳೆದ ಅಡಿಕೆ ಸುಗ್ಗಿಯಲ್ಲಿ ಕಂಡದ್ದನ್ನು ಅದಕ್ಕಾಗಿಯೇ ಬರೆಯುತ್ತಿದ್ದೇನೆ.

ಜಿಲ್ಲೆಯ ಒಂದು ಸಹಕಾರ ಸಂಘ. ಹೆಸರು ಬೇಡ. ಡಿಸೆಂಬರ್ ತಿಂಗಳು, ಅಂಗಳದ ತುಂಬಾ ಅಡಿಕೆ ಮೂಟೆ, ಕೌಂಟರ್ ಮುಂದೆ ಬೆಳಗಿನಿಂದ ನಿಂತ ರೈತರು. ಒಬ್ಬ ಸದಸ್ಯನ ಬಿಲ್ ಪರದೆಗೆ ಬರಲು ಸುಮಾರು ನಲವತ್ತು ಸೆಕೆಂಡ್. ಸಿಬ್ಬಂದಿ ನೆಟ್‌ವರ್ಕನ್ನು ಬೈದರು. ಸಾಫ್ಟ್‌ವೇರ್ ಕೊಟ್ಟವರು ‘ಹನ್ನೊಂದು ವರ್ಷದ ಡೇಟಾ ಆಯಿತು, ಹೊಸ ಸರ್ವರ್ ತೆಗೆದುಕೊಳ್ಳಿ’ ಎಂದು ಆರು ಲಕ್ಷ ರೂಪಾಯಿಯ ದರಪಟ್ಟಿ ಕಳುಹಿಸಿದರು. ಆಡಳಿತ ಮಂಡಳಿ ಒಪ್ಪುವ ಹಂತದಲ್ಲಿತ್ತು. ಪರಿಚಯದ ನಿರ್ದೇಶಕರೊಬ್ಬರು ಒಮ್ಮೆ ನೋಡುತ್ತೀಯಾ ಎಂದು ಕೇಳಿದರು.

ಅಲ್ಲಿದ್ದದ್ದು ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್. ನಿಧಾನವಾದ ಕ್ವೆರಿಗಳನ್ನು, ಅಂದರೆ ನಾವು ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗಳನ್ನು, ತಾನೇ ಬರೆದಿಡುವ ‘ಸ್ಲೋ ಕ್ವೆರಿ ಲಾಗ್’ ಎಂಬ ಸೌಲಭ್ಯ ಅದರೊಳಗೇ ಇದೆ. ಅದಕ್ಕೆ ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. ಆದರೆ ನಾವಾಗಿ ಚಾಲೂ ಮಾಡದಿದ್ದರೆ ಅದು ಆಫ್ ಆಗಿಯೇ ಇರುತ್ತದೆ. ಚಾಲೂ ಮಾಡಿದರೂ ಮೂಲ ಮಿತಿ 10 ಸೆಕೆಂಡ್, ಅದಕ್ಕಿಂತ ಬೇಗ ಮುಗಿದದ್ದನ್ನು ಬರೆಯುವುದಿಲ್ಲ. ನಾನು ಮಿತಿಯನ್ನು ಒಂದು ಸೆಕೆಂಡಿಗೆ ಇಳಿಸಿದೆ. ಅರ್ಧ ಗಂಟೆಯಲ್ಲಿ ಲಾಗ್ ತುಂಬಾ ಒಂದೇ ಕ್ವೆರಿ. ಪ್ರತಿ ಸಲ ಸುಮಾರು ಏಳು ಸೆಕೆಂಡ್. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ನಾಲ್ಕು ದರ್ಜೆಗೆ ನಾಲ್ಕು ಸಲ, ಒಟ್ಟು ಮೊತ್ತಕ್ಕೆ ಇನ್ನೊಂದು ಸಲ. ನಲವತ್ತು ಸೆಕೆಂಡಿನ ಲೆಕ್ಕ ಅಲ್ಲಿಗೇ ಹೆಚ್ಚುಕಡಿಮೆ ಸಿಕ್ಕಿತು.

ಮುಂದಿನ ಜಾಯಿಂಟ್ ‘ಎಕ್ಸ್‌ಪ್ಲೇನ್’. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಮಾಹಿತಿಯನ್ನು ಕೋಷ್ಟಕಗಳಾಗಿ ನೋಡುವ ರಿಲೇಷನಲ್ ಮಾದರಿಯನ್ನು ಮುಂದಿಟ್ಟಾಗಿನಿಂದ ಈ ಬಗೆಯ ಡೇಟಾಬೇಸ್‌ಗಳೊಂದಿಗೆ ನಮ್ಮ ಒಪ್ಪಂದ ಇಷ್ಟೇ: ಏನು ಬೇಕೆಂದು ನಾವು ಹೇಳುತ್ತೇವೆ, ಯಾವ ದಾರಿಯಲ್ಲಿ ಹೋಗಿ ತರಬೇಕೆಂಬುದನ್ನು ಅದೇ ತೀರ್ಮಾನಿಸುತ್ತದೆ. ಹಾಗಾಗಿ ಯಾವ ದಾರಿ ಹಿಡಿದೆ ಎಂದು ಅದನ್ನೇ ಕೇಳಬೇಕು. ಹಾಗೆ ಕೇಳುವ ಆಜ್ಞೆ ಇದು. ಉತ್ತರದಲ್ಲಿ ‘ಟೈಪ್’ ಅಂಕಣದಲ್ಲಿ ‘ಆಲ್’ ಎಂದಿತ್ತು, ಅಂದರೆ ಇಡೀ ಕೋಷ್ಟಕವನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಿದೆ. ಸಾಲುಗಳ ಅಂದಾಜು ಹದಿನೆಂಟು ಲಕ್ಷ. ವಿಚಿತ್ರವೆಂದರೆ ಸದಸ್ಯ ಸಂಖ್ಯೆಯ ಮೇಲೆ ಇಂಡೆಕ್ಸ್, ಅಂದರೆ ಪುಸ್ತಕದ ಕೊನೆಯ ಪದಸೂಚಿಯಂತೆ ಬೇಕಾದ ಸಾಲನ್ನು ಬೇಗ ಹುಡುಕಿಕೊಡುವ ಪಟ್ಟಿ, ಇತ್ತು. ಬಳಸಬಹುದಾದ ಇಂಡೆಕ್ಸ್‌ಗಳ ಅಂಕಣದಲ್ಲಿ ಅದರ ಹೆಸರೂ ಇತ್ತು. ನಿಜವಾಗಿ ಬಳಸಿದ ಇಂಡೆಕ್ಸ್‌ನ ಅಂಕಣದಲ್ಲಿ ಮಾತ್ರ ‘ನಲ್’, ಅಂದರೆ ಯಾವುದೂ ಇಲ್ಲ.

ಅದನ್ನು ನೋಡಿ ಐದು ನಿಮಿಷ ಸುಮ್ಮನೆ ಕುಳಿತೆ. ಆಮೇಲೆ ಕೋಷ್ಟಕದ ರಚನೆ ತೆರೆದೆ. ಸದಸ್ಯ ಸಂಖ್ಯೆ ಅಲ್ಲಿ ಅಂಕಿಯಲ್ಲ, ಅಕ್ಷರ. ಏಕೆಂದರೆ ನಮ್ಮಲ್ಲಿ ಮನೆ ಹಿಸ್ಸೆಯಾದರೆ ಅಣ್ಣನಿಗೆ 214 ಉಳಿದು ತಮ್ಮನಿಗೆ 214/ಬಿ ಬರುತ್ತದೆ. ಸುಗ್ಗಿಯ ಆರಂಭದಲ್ಲಿ ಸೇರಿಸಿದ ಹೊಸ ಬಿಲ್ ಪ್ರೋಗ್ರಾಮಿನಲ್ಲಿ ಮಾತ್ರ 214 ಎಂಬುದನ್ನು ಉದ್ಧರಣ ಚಿಹ್ನೆಯಿಲ್ಲದೆ ಅಂಕಿಯಾಗಿ ಕಳುಹಿಸಿದ್ದರು. ಅಕ್ಷರದ ಅಂಕಣವನ್ನು ಅಂಕಿಯೊಂದಿಗೆ ಹೋಲಿಸು ಎಂದರೆ ಮೈಎಸ್‌ಕ್ಯೂಎಲ್ ಪ್ರತಿ ಸಾಲಿನ ಅಕ್ಷರವನ್ನೂ ಅಂಕಿಯಾಗಿ ಪರಿವರ್ತಿಸಿ ನೋಡುತ್ತದೆ. ಆಗ ಅಕ್ಷರಕ್ರಮದಲ್ಲಿ ಜೋಡಿಸಿಟ್ಟ ಇಂಡೆಕ್ಸ್ ಉಪಯೋಗಕ್ಕೆ ಬರುವುದಿಲ್ಲ.

ಇಷ್ಟಾದರೆ ಬರೀ ನಿಧಾನದ ಕಥೆಯಾಗುತ್ತಿತ್ತು. ‘214/ಬಿ’ಯನ್ನು ಅಂಕಿ ಮಾಡಿದರೆ ಏನಾಗುತ್ತದೆ? ಮೊದಲಿನ ಅಂಕಿಗಳನ್ನು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತದೆ. ಅದೂ 214 ಆಗುತ್ತದೆ! ಅಂದರೆ ಅಣ್ಣನ ಬಿಲ್ಲಿನಲ್ಲಿ ತಮ್ಮನ ಅಡಿಕೆಯೂ ಸೇರುತ್ತಿತ್ತು. ಕಾರ್ಯದರ್ಶಿಗಳನ್ನು ಕೇಳಿದೆ. ಅವರ ಮುಖ ಬದಲಾಯಿತು. ಹದಿನೈದು ದಿನದ ಹಿಂದೆ ಒಬ್ಬ ಸದಸ್ಯರು ಬಂದು, ನನ್ನ ಎಂಟು ಮೂಟೆ ಅಣ್ಣನ ಲೆಕ್ಕದಲ್ಲಿ ಹೇಗೆ ಬಂತು ಎಂದು ಜಗಳವಾಡಿ ಹೋಗಿದ್ದರಂತೆ. ಕಂಪ್ಯೂಟರ್ ಆಪರೇಟರ್ ಹುಡುಗಿ ತಪ್ಪು ಒತ್ತಿರಬೇಕೆಂದು ಅವಳಿಗೆ ಬೈಗುಳವೂ ಆಗಿತ್ತು.

ಎರಡು ಉದ್ಧರಣ ಚಿಹ್ನೆ ಹಾಕಿದ ಮೇಲೆ ಬಿಲ್ ಒಂದು ಸೆಕೆಂಡಿನೊಳಗೆ ಬಂತು. ಆರು ಲಕ್ಷದ ಸರ್ವರ್ ಬಂದಿದ್ದರೆ ಏಳು ಸೆಕೆಂಡ್ ಬಹುಶಃ ಎರಡಾಗುತ್ತಿತ್ತು. ತಪ್ಪು ಲೆಕ್ಕ ಇನ್ನಷ್ಟು ಬೇಗ ಮುದ್ರಣವಾಗುತ್ತಿತ್ತು. ನನಗೆ ಸಿಟ್ಟು ಬರುವುದು ಇಲ್ಲಿ. ‘ಡೇಟಾ ಜಾಸ್ತಿಯಾಯಿತು’ ಎಂಬುದು ರೋಗದ ಹೆಸರಲ್ಲ. ಹದಿನೆಂಟು ಲಕ್ಷ ಸಾಲು ಇಂದಿನ ಯಾವ ಡೇಟಾಬೇಸ್‌ಗೂ ಹೊರೆಯಲ್ಲ. ಅಷ್ಟು ಸಾಲುಗಳಲ್ಲಿ ಒಬ್ಬನ ಲೆಕ್ಕ ಹುಡುಕಲು ಮರದಂತೆ ಕವಲೊಡೆದು ಜೋಡಿಸಿದ ಬಿ-ಟ್ರೀ ಇಂಡೆಕ್ಸ್ ಮೂರ್ನಾಲ್ಕು ಮೆಟ್ಟಿಲು ಇಳಿದರೆ ಸಾಕು. ಅದೇ ಹಳೆಯ ಸರ್ವರ್‌ನಲ್ಲಿ 16 ಜಿಬಿ ಮೆಮೊರಿ ಇತ್ತು. ಅದರಲ್ಲಿ ಡೇಟಾಬೇಸ್ ತನ್ನ ಬಫರ್‌ಗೆ, ಅಂದರೆ ಓದಿದ ಡೇಟಾವನ್ನು ಕೈಗೆಟುಕುವಂತೆ ಇಟ್ಟುಕೊಳ್ಳುವ ಜಾಗಕ್ಕೆ, ಬಳಸುತ್ತಿದ್ದದ್ದು 128 ಎಂಬಿ. ಇನ್‌ಸ್ಟಾಲ್ ಮಾಡಿದಾಗಿನ ಮೂಲ ಅಳತೆ ಅದು, ಹನ್ನೊಂದು ವರ್ಷ ಯಾರೂ ಮುಟ್ಟಿರಲಿಲ್ಲ.

ಎಲ್ಲಾ ತೊಂದರೆಯೂ ಸ್ಲೋ ಲಾಗ್‌ನಲ್ಲಿ ಸಿಗುವುದಿಲ್ಲ, ಇದನ್ನೂ ಹೇಳಬೇಕು. ಅದೇ ಸಂಘದ ಶಾಖೆಯೊಂದರಲ್ಲಿ ದಿನದ ಕೊನೆಯ ವರದಿಗೆ ಒಂದೂವರೆ ನಿಮಿಷ ಬೇಕಾಗುತ್ತಿತ್ತು, ಲಾಗ್‌ನಲ್ಲಿ ಮಾತ್ರ ಏನೂ ಇಲ್ಲ. ಆಗ ಡೇಟಾಬೇಸ್ ಬಿಟ್ಟು ಪ್ರೋಗ್ರಾಮಿನ ಕಡೆ ಹೋಗಬೇಕು. ಅದು ಜಾವಾ ಭಾಷೆಯಲ್ಲಿತ್ತು. ವಿಷುಯಲ್‌ವಿಎಂ ಎಂಬ ಉಚಿತ ಪ್ರೊಫೈಲರ್ ಜೋಡಿಸಿ ನೋಡಿದೆ. ಪ್ರೋಗ್ರಾಮ್ ಯಾವ ಭಾಗದಲ್ಲಿ ನಿಂತಿದೆ ಎಂದು ಕ್ಷಣಕ್ಷಣಕ್ಕೂ ಇಣುಕಿ ಲೆಕ್ಕ ಇಡುವುದು ಅದರ ಕೆಲಸ. ಬಹುತೇಕ ಸಮಯ ಅದು ಲೆಕ್ಕ ಮಾಡುತ್ತಲೇ ಇರಲಿಲ್ಲ, ಡೇಟಾಬೇಸ್‌ನ ಉತ್ತರಕ್ಕೆ ಕಾಯುತ್ತಿತ್ತು. ಮೈಎಸ್‌ಕ್ಯೂಎಲ್‌ನೊಂದಿಗೇ ಬರುವ ‘ಸಿಸ್’ ಕೋಷ್ಟಕಗಳಲ್ಲಿ ಯಾವ ಕ್ವೆರಿ ಎಷ್ಟು ಸಲ ಓಡಿತು ಎಂಬ ಲೆಕ್ಕ ಇರುತ್ತದೆ. ಒಂದು ವರದಿಗೆ ಒಂದೇ ಕ್ವೆರಿ 2,300 ಸಲ, ಸದಸ್ಯನಿಗೊಂದರಂತೆ! ಪ್ರತಿಯೊಂದೂ ಕ್ಷಣಾರ್ಧದಲ್ಲಿ ಮುಗಿಯುತ್ತಿತ್ತು. ಆದರೆ ಶಾಖೆಯಿಂದ ಮುಖ್ಯ ಕಚೇರಿಗೆ ಹೋಗಿ ಬರಲು 40 ಮಿಲಿಸೆಕೆಂಡ್. ಗುಣಿಸಿ ನೋಡಿ, 92 ಸೆಕೆಂಡ್. ಎಷ್ಟು ದೊಡ್ಡ ಸರ್ವರ್ ತಂದರೂ ಈ ದಾರಿ ಕಡಿಮೆಯಾಗುವುದಿಲ್ಲ. ಎಲ್ಲ ಸದಸ್ಯರನ್ನೂ ಒಂದೇ ಕ್ವೆರಿಯಲ್ಲಿ ಕೇಳುವಂತೆ ಬದಲಾಯಿಸಬೇಕಿತ್ತು, ಬದಲಾಯಿಸಿದರು.

ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಸಂಘ, ಬ್ಯಾಂಕ್, ಶಾಲೆ ನಡೆಸುವವರು ಇದನ್ನು ಓದುತ್ತಿದ್ದರೆ ಒಂದು ಮಾತು. ಸಾಫ್ಟ್‌ವೇರ್ ಕರಾರಿನಲ್ಲಿ ಡೇಟಾಬೇಸನ್ನು ಓದುವ ಅಧಿಕಾರ ನಿಮಗೂ ಇರಬೇಕು ಎಂದು ಬರೆಸಿಕೊಳ್ಳಿ. ಡೇಟಾ ನಿಮ್ಮದು, ಕೀಲಿ ಮಾತ್ರ ಇನ್ನೊಬ್ಬರ ಜೇಬಿನಲ್ಲಿ ಏಕಿರಬೇಕು? ಆದರೆ ಕೊಡುವುದು ಓದಲು ಮಾತ್ರ ಅನುಮತಿಯಿರುವ ಖಾತೆಯಾಗಿರಲಿ. ಡೇಟಾಬೇಸನ್ನು ತೆರೆದು ನೋಡುವ ಡಿಬೀವರ್‌ನಂಥ ಉಪಕರಣದಲ್ಲಿ ಎಲ್ಲವೂ ಒಂದು ಗುಂಡಿಯ ದೂರದಲ್ಲಿರುತ್ತದೆ. ಷರತ್ತು ಬರೆಯದ ಒಂದು ಅಪ್‌ಡೇಟ್ ಆಜ್ಞೆ ಇಡೀ ಕೋಷ್ಟಕವನ್ನೇ ಅಳಿಸಿ ಬರೆದುಬಿಡುತ್ತದೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಬಳಸುವವರು ಇನ್ನೊಂದು ನೆನಪಿಡಿ. ಬರೀ ‘ಎಕ್ಸ್‌ಪ್ಲೇನ್’ ದಾರಿ ತೋರಿಸುತ್ತದೆ ಅಷ್ಟೆ. ಜೊತೆಗೆ ‘ಅನಲೈಜ್’ ಸೇರಿಸಿದರೆ ಆ ಕ್ವೆರಿ ನಿಜವಾಗಿಯೂ ಓಡುತ್ತದೆ, ಡಿಲೀಟ್ ಆಗಿದ್ದರೆ ಡಿಲೀಟ್ ಆಗಿಯೇ ಬಿಡುತ್ತದೆ.

ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ನನ್ನ ಬಳಿ ಬಂದಾಗ ಹೊಸ ಫ್ರೇಮ್‌ವರ್ಕ್‌ಗಳ ಹೆಸರನ್ನೆಲ್ಲ ಹೇಳುತ್ತಾರೆ. ಎಕ್ಸ್‌ಪ್ಲೇನ್ ಓದಲು ಬರುತ್ತದೆಯೇ ಎಂದರೆ ಸುಮ್ಮನಾಗುತ್ತಾರೆ. ತಪ್ಪು ಅವರದಲ್ಲ, ನಿಜವಾದ ಹದಿನೆಂಟು ಲಕ್ಷ ಸಾಲನ್ನು ಅವರ ಮುಂದೆ ಯಾರೂ ಇಟ್ಟಿಲ್ಲ. ಆಸಕ್ತಿ ಇರುವವರು ಭಾನುವಾರ ಮನೆಗೆ ಬನ್ನಿ. ಹೆಸರು, ಮೊತ್ತ ಎಲ್ಲವನ್ನೂ ಕಲ್ಪಿಸಿ ತುಂಬಿದ ಅಷ್ಟೇ ದೊಡ್ಡ ಕೋಷ್ಟಕ ಮಾಡಿಟ್ಟಿದ್ದೇನೆ. ಇಂಡೆಕ್ಸ್ ತೆಗೆದು, ಹಾಕಿ, ನೀವೇ ಅಳೆದು ನೋಡಬಹುದು.

ಆ ಸಂಘದಲ್ಲಿ ಹಿಸ್ಸೆಯ ಸಂಖ್ಯೆಗಳನ್ನೆಲ್ಲ ಪಟ್ಟಿ ಮಾಡಿ, ಆ ಸುಗ್ಗಿಯ ಬಿಲ್‌ಗಳನ್ನು ಮತ್ತೆ ತೆಗೆಯಲು ಮೂರು ಸಂಜೆ ಹಿಡಿಯಿತು. ಆಪರೇಟರ್ ಹುಡುಗಿಯೇ ಕುಳಿತು ಒಂದೊಂದನ್ನೂ ತಾಳೆ ನೋಡಿದಳು. ಎಂಟು ಮೂಟೆಯ ಸದಸ್ಯರನ್ನು ಕಾರ್ಯದರ್ಶಿಗಳು ಫೋನ್ ಮಾಡಿ ಕರೆಸಿದರು. ಅವರು ಅಣ್ಣನನ್ನೂ ಜೊತೆಗೆ ಕರೆದುಕೊಂಡು ಬಂದಿದ್ದರು. ಅವಳು ಎರಡೂ ಬಿಲ್‌ಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, 214 ಮತ್ತು 214/ಬಿ ಎಂಬಲ್ಲಿ ಬೆರಳಿಟ್ಟು ತೋರಿಸಿದಳು.