ಖಾಲಿ ಬಿದ್ದಿರುವ ಕಾಲು ಎಕರೆ

ಕಾಸರಗೋಡಿನ ಹೊಸ ಬಸ್ ನಿಲ್ದಾಣದಿಂದ ತುಸು ದೂರದಲ್ಲಿ ಒಂದು ವಾಣಿಜ್ಯ ಸಂಕೀರ್ಣವಿದೆ. ಅದರ ಹಿಂದೆ ನಲವತ್ತು ಕಾರು ಹಿಡಿಯುವ ಪಾರ್ಕಿಂಗ್ ಜಾಗವಿದೆ. ಮೂರು ವಾರಗಳಿಂದ ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ಎಣಿಸಿದ್ದೇನೆ. ಹತ್ತು ಕಾರು ದಾಟಿದ್ದನ್ನು ಒಮ್ಮೆಯೂ ಕಂಡಿಲ್ಲ. ಪ್ರವೇಶದ್ವಾರದ ಸರಪಳಿಯ ಈಚೆ, ಚರಂಡಿಯ ಚಪ್ಪಡಿಯ ಮೇಲೆ, ಗೋಣಿ ಹಾಸಿಕೊಂಡು ಬಸಳೆ, ತೊಂಡೆಕಾಯಿ ಮಾರುವ ಹೆಂಗಸೊಬ್ಬರು ಬಸ್ಸು ಹತ್ತಿರ ಬಂದಾಗಲೆಲ್ಲ ಕಾಲು ಒಳಗೆಳೆದುಕೊಳ್ಳುತ್ತಾರೆ. “ಒಳಗೆ ಜಾಗ ಉಂಟಲ್ಲ ಅಕ್ಕಾ” ಎಂದರೆ, “ಅದು ಕಾರಿಗೆ ಅಂತೆ” ಎಂದರು.

ಕಾರು ನಿಲ್ಲುವ, ತಿರುಗುವ ಜಾಗವೆಲ್ಲ ಸೇರಿ ಒಂದಕ್ಕೆ 25 ಚದರ ಮೀಟರ್ ಎಂದರೂ ನಲವತ್ತು ಕಾರಿಗೆ 1,000 ಚದರ ಮೀಟರ್, ಅಂದರೆ ಸುಮಾರು 25 ಸೆಂಟ್ಸ್, ಕಾಲು ಎಕರೆ ಬೇಕು. ಐದು ಸೆಂಟ್ಸ್ ಜಾಗಕ್ಕಾಗಿ ಜೀವಮಾನವಿಡೀ ದುಡಿಯುವವರ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಇದರಲ್ಲಿ ಕಟ್ಟಡದ ಮಾಲೀಕರ ತಪ್ಪೇನೂ ಇಲ್ಲ. ಕೇರಳದ 2019ರ ನಗರಸಭಾ ಕಟ್ಟಡ ನಿಯಮಗಳು ಕಟ್ಟಡದ ವಿಸ್ತೀರ್ಣ ಮತ್ತು ಬಳಕೆಯನ್ನು ನೋಡಿ ಇಷ್ಟು ಪಾರ್ಕಿಂಗ್ ಇರಲೇಬೇಕೆಂದು ಹೇಳುತ್ತವೆ. ಆದರೆ ಬದಿಯಡ್ಕ, ಮುಳ್ಳೇರಿಯ, ಕುಂಬಳೆಯಿಂದ ಪೇಟೆಗೆ ಬರುವವರಲ್ಲಿ ಬಹುಪಾಲು ಜನ ಇಳಿಯುವುದು ಬಸ್ಸಿನಿಂದ. ಸ್ಕೂಟರಿನವರು ಅಂಗಡಿಯ ಎದುರೇ ನಿಲ್ಲಿಸುತ್ತಾರೆ. ಅಮೆರಿಕದ ಬಫಲೋ ನಗರ ಇಂಥ ಕಡ್ಡಾಯವನ್ನು 2017ರಲ್ಲಿ ಇಡೀ ನಗರದಲ್ಲಿ ಕೈಬಿಟ್ಟಿತು. ನಮ್ಮಲ್ಲಿ ಅಷ್ಟು ದೂರ ಹೋಗಬೇಕಾಗಿಲ್ಲ. ವರ್ಷವಿಡೀ ಖಾಲಿ ಬೀಳುವುದು ಎಣಿಕೆಯಿಂದ ಖಚಿತವಾದ ಜಾಗದ ಅರ್ಧವನ್ನಾದರೂ ಬೇರೆ ಕೆಲಸಕ್ಕೆ ಬಳಸಲು ಅನುಮತಿ ಕೊಟ್ಟರೆ ಸಾಕು.

ರಸ್ತೆಯ ಅಂಚಿನಲ್ಲಿ ಸಾಲಾಗಿ ಚಿಕ್ಕ ಅಂಗಡಿಕೋಣೆಗಳನ್ನು ಕಟ್ಟಿ, ಅವುಗಳ ಮೇಲೆ ಪೇಟೆಯ ಆಸ್ಪತ್ರೆಗಳಲ್ಲಿ ದುಡಿಯುವ ದಾದಿಯರಿಗೆ ಬಾಡಿಗೆ ಕೋಣೆಗಳನ್ನು ಮಾಡಿದರೆ ಮಾಲೀಕರಿಗೂ ಆದಾಯ ಬರುತ್ತದೆ, ರಾತ್ರಿ ಎಂಟರ ನಂತರ ನಿರ್ಜನವಾಗುವ ಆ ಓಣಿಗೆ ಬೆಳಕೂ ಬರುತ್ತದೆ. ತರಕಾರಿ ಮಾರುವವರಿಗೆ ಒಂದು ಸೂರು ಮತ್ತು ಒಂದು ನಲ್ಲಿ ಬೇಕೇ ಬೇಕು. ಶೌಚಾಲಯದ ಮಾತನ್ನು ಯಾರೂ ಎತ್ತುವುದಿಲ್ಲ, ಅದೂ ಬೇಕು.

ನನ್ನನ್ನು ಹೆಚ್ಚು ಕಾಡುವುದು ನೀರು. ಮುರಕಲ್ಲಿನ ನೆಲದಲ್ಲಿ ಸುರಂಗ ತೋಡಿ ನೀರು ಕಂಡುಕೊಂಡ ಜಿಲ್ಲೆ ಇದು. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಇಲ್ಲಿ 1,000 ಚದರ ಮೀಟರ್ ನೆಲದ ಮೇಲೆ ಬೀಳುವ ನೀರು 30 ಲಕ್ಷ ಲೀಟರಿಗೂ ಹೆಚ್ಚು. ಕಾಂಕ್ರೀಟಿನ ಮೇಲೆ ಬಿಗಿಯಾಗಿ ಕೂರಿಸಿದ ಇಂಟರ್‌ಲಾಕ್‌ನಿಂದ ಅದು ಜಾರಿ ರಸ್ತೆಗೆ ಬರುತ್ತದೆ. ಆ ಹೆಂಗಸಿನ ಗೋಣಿ ನೆನೆಯುವುದು ಅದೇ ನೀರಿನಲ್ಲಿ. ಅಂಚಿನ ಒಂದು ಸಾಲು ಇಂಟರ್‌ಲಾಕ್ ಕಿತ್ತು, ಇಂಗುಗುಂಡಿ ತೋಡಿ, ನಾಲ್ಕು ಹಲಸಿನ ಗಿಡ ನೆಡಲು ಭಾರೀ ಖರ್ಚೇನೂ ಬೇಡ.

ರಂಜಾನ್ ಮತ್ತು ಓಣಂ ದಿನಗಳ ಸಂಜೆ ಕಾರುಗಳು ಎಲ್ಲಿಗೆ ಹೋಗಬೇಕೆಂದು ವ್ಯಾಪಾರಿ ಮಿತ್ರರು ಕೇಳುತ್ತಾರೆ. ಅದು ನ್ಯಾಯವಾದ ಪ್ರಶ್ನೆ. ಸಂಜೆ ಐದಕ್ಕೆ ಬಾಗಿಲು ಹಾಕುವ ಕಚೇರಿಗಳ ಅಂಗಳವನ್ನು ಆ ದಿನಗಳಲ್ಲಿ ಬಾಡಿಗೆಗೆ ತೆರೆಯುವಂತೆ ನಗರಸಭೆ ಒಪ್ಪಂದ ಮಾಡಿಕೊಳ್ಳಬಹುದು. ಒಂದು ಅಂಗಳದಲ್ಲಿ, ಒಂದು ರಂಜಾನಿಗೆ, ಅಷ್ಟನ್ನು ಮಾಡಿ ನೋಡಲಿ.