ಗುಹೆಯ ಬಾಯಿಗೆ ಬೀಗ ಹಾಕಿದರೆ ಸಾಲದು

ಗುಹೆಗಳಲ್ಲಿ ಬದುಕುವ ಜೀವಿಗಳ ಸಂರಕ್ಷಣೆಯ ಮಾತು ಬಂದಾಗಲೆಲ್ಲ ಮೊದಲು ಹೊಳೆಯುವ ಉಪಾಯ ಬಾಗಿಲಿಗೆ ಗೇಟು ಹಾಕಿಸುವುದು. ಅದು ತಪ್ಪೇನಲ್ಲ, ಆದರೆ ಗುಹೆಯ ಜೀವಿಗಳಿಗೆ ಒದಗುವ ಕುತ್ತು ಬಹಳಷ್ಟು ಸಲ ಬಾಗಿಲಿನಿಂದ ಬರುವುದಿಲ್ಲ, ಮೇಲಿನ ನೆಲದಿಂದ ನೀರಿನ ಜೊತೆ ಇಳಿದು ಬರುತ್ತದೆ ಎಂಬುದು ನನ್ನ ಅಭಿಪ್ರಾಯ.

ಬೆಳಕಿಲ್ಲದಲ್ಲಿ ಹಸಿರು ಬೆಳೆಯುವುದಿಲ್ಲ. ಮಳೆನೀರಿನಲ್ಲಿ ಕೊಚ್ಚಿ ಬಂದ ತರಗೆಲೆ, ಬಂಡೆಯ ಬಿರುಕುಗಳಲ್ಲಿ ಇಳಿದ ಬೇರು, ಬಾವಲಿಗಳ ಹಿಕ್ಕೆ, ಇವನ್ನೇ ನಂಬಿಕೊಂಡು ಅಲ್ಲಿನ ಹುಳುಹುಪ್ಪಟೆಗಳೂ ಕುರುಡು ಮೀನುಗಳೂ ಬದುಕುತ್ತವೆ. (ರೊಮೇನಿಯದ ಮೋವಿಲೆ ಗುಹೆಯಲ್ಲಿ ರಾಸಾಯನಿಕಗಳಿಂದಲೇ ಶಕ್ತಿ ಪಡೆಯುವ ಬ್ಯಾಕ್ಟೀರಿಯಾಗಳು ಇಡೀ ಜೀವಜಾಲವನ್ನು ಸಾಕುತ್ತವೆ, ಅಂಥವು ಅಪರೂಪ.) ಆಹಾರ ಇಷ್ಟು ವಿರಳವಾಗಿರುವುದರಿಂದ ಬದುಕಿನ ಗತಿಯೂ ನಿಧಾನ. ಬಾಲ್ಕನ್ ಸೀಮೆಯ ಸುಣ್ಣಕಲ್ಲಿನ ಗುಹೆಗಳ ನೀರಿನಲ್ಲಿರುವ ಓಲ್ಮ್ ಎಂಬ ಕುರುಡು ಸಲಮಾಂಡರ್ ಪ್ರೌಢಾವಸ್ಥೆಗೆ ಬರಲು ಸುಮಾರು 15 ವರ್ಷ ಬೇಕು. ಆಮೇಲೂ ಹೆಣ್ಣು ಮೊಟ್ಟೆಯಿಡುವುದು ಸರಾಸರಿ 12 ವರ್ಷಗಳಿಗೊಮ್ಮೆ. ಇಂಥ ಪ್ರಾಣಿಯ ಸಂಖ್ಯೆ ಒಮ್ಮೆ ಕುಸಿದರೆ ಚೇತರಿಕೆಯನ್ನು ಕಾಣಲು ನಮ್ಮ ಆಯುಷ್ಯ ಸಾಲದು.

ಓಲ್ಮ್‌ಗಳಲ್ಲಿ ಕಪ್ಪು ಬಣ್ಣದ್ದೊಂದು ಬಗೆ ಸ್ಲೊವೇನಿಯದ ಬೇಲಾ ಕ್ರೈನಾದಲ್ಲಿ ಮಾತ್ರ ಇದೆ. ಅದೇ ಸೀಮೆಯಲ್ಲಿ ಕೆಪ್ಯಾಸಿಟರ್ ಕಾರ್ಖಾನೆಯೊಂದರ ಪಿಸಿಬಿ (ಪಾಲಿಕ್ಲೋರಿನೇಟೆಡ್ ಬೈಫಿನೈಲ್ ಎಂಬ ವಿಷಕಾರಿ ರಾಸಾಯನಿಕ) ತ್ಯಾಜ್ಯವನ್ನು ನೆಲ ಕುಸಿದಾದ ಗುಂಡಿಗಳಿಗೆ ಸುರಿಯಲಾಗಿತ್ತು, ಮತ್ತು ಆ ವಿಷ ಬಂಡೆಯ ಸಂದುಗಳಲ್ಲಿ ಹರಿದು ಕ್ರುಪಾ ನದಿಯ ಬುಗ್ಗೆಯಲ್ಲಿ ಹೊರಬಿದ್ದದ್ದು 1980ರ ದಶಕದಲ್ಲಿ ಗೊತ್ತಾಯಿತು. ದಶಕಗಳ ನಂತರ ನಡೆದ ಪರೀಕ್ಷೆಯಲ್ಲೂ ಅಲ್ಲಿನ ಓಲ್ಮ್‌ಗಳ ದೇಹದಲ್ಲಿ ಪಿಸಿಬಿ ಸಿಕ್ಕಿದೆ. ಯಾವ ಗೇಟು ಇದನ್ನು ತಡೆಯುತ್ತಿತ್ತು?

ಅಮೆರಿಕದ ನೆವಾಡಾದ ಡೆವಿಲ್ಸ್ ಹೋಲ್ ಎಂಬ ನೀರು ತುಂಬಿದ ಗುಹೆಯಲ್ಲಿ ಒಂದೇ ಜಾತಿಯ ಪುಟ್ಟ ಪಪ್‌ಫಿಶ್ ಇದೆ. ಗುಹೆ ಎಷ್ಟೇ ಆಳವಿದ್ದರೂ ಆ ಮೀನು ಮೇಯುವುದೂ ಮೊಟ್ಟೆಯಿಡುವುದೂ ನೀರಿನ ಮಟ್ಟಕ್ಕೆ ತುಸುವೇ ಕೆಳಗಿರುವ ಒಂದು ಕಲ್ಲುಹಾಸಿನ ಮೇಲೆ. ಸುತ್ತಲಿನ ಕೃಷಿಗೆ ಅಂತರ್ಜಲ ಎತ್ತತೊಡಗಿದಾಗ ಆ ಹಾಸು ಗಾಳಿಗೆ ತೆರೆದುಕೊಳ್ಳತೊಡಗಿತು. ಜಾಗ ಆಗಲೇ ಸಂರಕ್ಷಿತ ಪ್ರದೇಶವಾಗಿತ್ತು. ಆದರೂ ಮೀನು ಉಳಿದದ್ದು 1976ರಲ್ಲಿ ಸುಪ್ರೀಂ ಕೋರ್ಟ್ ಹೊರಗಿನ ಪಂಪುಗಳಿಗೆ ಮಿತಿ ಹಾಕಿದ್ದರಿಂದ. ಗುಹೆಯ ರಕ್ಷಣೆ ಎಂದರೆ ಹೀಗೆ ಪಕ್ಕದ ಹೊಲದವನ ಹಕ್ಕನ್ನೂ ಮುಟ್ಟುವ ಕೆಲಸ, ಆದ್ದರಿಂದಲೇ ಯಾರಿಗೂ ಇಷ್ಟವಿಲ್ಲದ ಕೆಲಸ.

ಗೇಟಿನಿಂದಲೂ ಕೇಡಾಗಬಹುದು. ಗೋಡೆ ಕಟ್ಟಿ ಬಾಗಿಲಿಟ್ಟರೆ ಒಳಗಿನ ಗಾಳಿಯ ಓಡಾಟವೂ ಉಷ್ಣಾಂಶವೂ ಬದಲಾಗಿ ಚಳಿಗಾಲ ಕಳೆಯಲು ಬರುವ ಬಾವಲಿಗಳು ಜಾಗ ಬಿಡುತ್ತವೆ. ಸಲಾಖೆಗಳನ್ನು ಅಡ್ಡಡ್ಡಲಾಗಿ, ಬಾವಲಿ ಹಾರಿ ನುಸುಳುವಷ್ಟು ಅಂತರ ಬಿಟ್ಟು ಕೂಡಿಸಬೇಕು. ಅಮೆರಿಕದಲ್ಲಿ 2006ರಲ್ಲಿ ಮೊದಲು ಕಂಡ ಬಿಳಿಮೂತಿ ರೋಗ ಲಕ್ಷಾಂತರ ಬಾವಲಿಗಳನ್ನು ಕೊಂದಿದೆ. ಅದರ ಶಿಲೀಂಧ್ರ ಜನರ ಬೂಟು, ಬಟ್ಟೆಗಳಿಗೂ ಅಂಟಿ ಸಾಗಬಲ್ಲದಾದ್ದರಿಂದ ಅಂಥಲ್ಲಿ ಪ್ರವೇಶ ನಿರ್ಬಂಧ ಬೇಕೇ ಬೇಕು. ಪ್ರವಾಸಿಗರಿಗಾಗಿ ಹಾಕುವ ದೀಪಗಳ ಸುತ್ತ ಪಾಚಿ ಬೆಳೆಯುವುದು ಬೇರೆಯೇ ತಲೆನೋವು.

ನನ್ನ ಒತ್ತಾಯ ಒಂದೇ. ಸುಣ್ಣಕಲ್ಲಿನ ಪ್ರದೇಶದಲ್ಲಿ ಕಲ್ಲುಗಣಿಗಾಗಲಿ, ಕಸದ ಗುಂಡಿಗಾಗಲಿ, ದೊಡ್ಡ ಪಂಪಿಗಾಗಲಿ ಪರವಾನಗಿ ಕೊಡುವ ಮೊದಲು, ನೆಲದೊಳಗೆ ಇಂಗಿ ಹೋಗುವ ನೀರಿಗೆ ಬಣ್ಣ ಬೆರೆಸಿ, ಅದು ಯಾವ ಗುಹೆಯ ಮೂಲಕ ಹಾದು ಯಾವ ಬುಗ್ಗೆಯಲ್ಲಿ ಏಳುತ್ತದೆ ಎಂದು ಪತ್ತೆ ಹಚ್ಚುವ ಪರೀಕ್ಷೆ ಕಡ್ಡಾಯವಾಗಬೇಕು. ಅದರ ಖರ್ಚನ್ನು ಪರವಾನಗಿ ಕೇಳಿದವರೇ ಭರಿಸಲಿ.